ಟೆಂಟಿನ ಬಾಗಿಲಿಗೆ ಬಡಿಸಿದ ಅಗೆಲು

ಠಾಕುರ್ಲಿ
ಜನವರಿ 18, 2025

ದಿಶಾಳ ಅಪ್ಪನಿಗೆ ಜಯಲತಾಳ ನಮಸ್ಕಾರಗಳು.

ನಿಮ್ಮ ಸೊಂಟನೋವು ಹೇಗಿದೆ? ಹೋಟೆಲಿನಲ್ಲಿ ನಿಂತು ನಿಂತು ಹೆಚ್ಚಾಗಿರಬಹುದು, ಮಲಗುವಾಗ ಎಣ್ಣೆ ಹಚ್ಚಿಕೊಳ್ಳಿ. ನಾವು ಕ್ಷೇಮ ಎಂದು ಬರೆಯುವಾಗಲೂ ಸಿಟ್ಟು ಬರುತ್ತದೆ. ಫೋನಿನಲ್ಲಿ ನಾನು ಮಾತು ಮುಗಿಸುವ ಮುಂಚೆಯೇ ನೀವು ನಗುತ್ತೀರಿ. ಕಾಗದ ಓದುತ್ತಾ ಎಷ್ಟು ಬೇಕಾದರೂ ನಗಿ, ನನಗೆ ಕೇಳಿಸುವುದಿಲ್ಲ. ನಿಮ್ಮ ರೂಮಿನ ಮನೀಶ್ ರಜೆ ಮುಗಿಸಿ ನಾಳೆ ಮಸ್ಕತ್‌ಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ದಿಶಾ ಕ್ಯಾಂಪಿಂಗ್ ಬೇಕೆಂದು ಹಟ ಹಿಡಿದದ್ದು ನಿಮಗೆ ಗೊತ್ತು. ನಿಮ್ಮ ತಮ್ಮ ಲೀಲಾಧರ ಬದ್ಲಾಪುರದ ಆಚೆ, ಕಾಡಿನ ಅಂಚಿನಲ್ಲಿ ಹೋದ ಭಾನುವಾರಕ್ಕೆ ಟೆಂಟ್ ಬುಕ್ ಮಾಡಿದ. ಅದೇ ಭಾನುವಾರ, ತೀರಿಹೋದ ಮಾವನವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಅಗೆಲಿನ ಎಡೆ ಬಡಿಸುವ ದಿನ. ಕ್ಯಾಂಪು ಮುಂದಕ್ಕೆ ಹಾಕೋಣ ಅಂದೆ. ನೀವು ಏನಂದಿರಿ? “ಅಲ್ಲೇ ಬಡಿಸಿ ಮಾರಾಯ್ತಿ, ಅಪ್ಪನಿಗೆ ದಾರಿ ಗೊತ್ತುಂಟು.”

ಕ್ಯಾಂಪಿನವರು ಮೊದಲೇ ಹೇಳಿದ್ದರು, ಟೆಂಟಿನ ಹತ್ತಿರ ಊಟ ಇಡಬೇಡಿ, ಉಳಿದದ್ದನ್ನೆಲ್ಲ ಡಬ್ಬಿಗೆ ಹಾಕಿ ಜೀಪಿನಲ್ಲಿಡಿ, ಇಲ್ಲಿ ಬಿಬಟ್ಯಾ ತಿರುಗುತ್ತದೆ ಎಂದು. ಬಿಬಟ್ಯಾ ಅಂದರೆ ಚಿರತೆ. ಲೀಲಾಧರ ದೊಡ್ಡದಾಗಿ ತಲೆ ಆಡಿಸಿದ. ಅವರು ಆಚೆ ಹೋದದ್ದೇ ತಡ, ಟೆಂಟಿನ ಬಾಗಿಲಿಗೇ ಬಾಳೆ ಎಲೆ ಹಾಸಿ ಕೋಳಿ ಸುಕ್ಕ, ರೊಟ್ಟಿ, ಹುರಿದ ಬಂಗುಡೆ ಬಡಿಸಿದ. ಮನೆಯಲ್ಲಾದರೆ ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚಿ ನಾವು ಹೊರಗೆ ನಿಲ್ಲುತ್ತೇವೆ. ಇಲ್ಲಿ ಊಟ ಹೊರಗೆ, ನಾವು ಒಳಗೆ. ಬೇಡ ಬೇಡ ಎಂದು ಹೇಳಿ ಸಾಕಾಗಿ ನಾನೂ ಜಿಪ್ ಎಳೆದು ಕೂತೆ.

ಸೂರ್ಯ ಆಗಷ್ಟೇ ಮುಳುಗಿದ್ದ. ಹೊರಗೆ ಎಲೆ ಸರಿದ ಸದ್ದು, ಆಮೇಲೆ ಮೂಳೆ ಕಡಿಯುವ ಸದ್ದು. ನಿಮ್ಮ ತಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಮುಗಿದ. “ಅಪ್ಪ ಬಂದ್ರು ಅತ್ತಿಗೆ, ಮಾತಾಡ್ಬೇಡಿ” ಅಂದ. ಮಾವನವರ ಬಾಯಲ್ಲಿ ಕೊನೆಗೆ ಒಂದು ಹಲ್ಲಾದರೂ ಇತ್ತೇ? ಅದು ನನಗೆ ಹೊಳೆಯುವಷ್ಟರಲ್ಲಿ ದಿಶಾ “ಅಜ್ಜಾ ಆ ಗಯೇ, ಅಜ್ಜ ಬಂದ್ರು!” ಎಂದು ಜಿಪ್ ತೆರೆದು ತಲೆ ಹೊರಗೆ ಹಾಕಿದ್ದಳು.

ಚಿರತೆ ರೀ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಲೆ ಎತ್ತಿ ಅವಳನ್ನೇ ನೋಡಿತು. ನಾನು ಜಡೆ ಹಿಡಿದು ಅವಳನ್ನು ಒಳಗೆಳೆದು, ಪಾತ್ರೆ ಬಡಿದು ಕಿರುಚಿದೆ. ಕ್ಯಾಂಪಿನವರು ಟಾರ್ಚ್ ಹಿಡಿದು ಬೊಬ್ಬೆ ಹಾಕುತ್ತಾ ಬಂದ ಮೇಲೆ ಅದು ಎಲೆಯ ಮೇಲಿದ್ದ ಕೋಳಿ ತುಂಡು ಕಚ್ಚಿಕೊಂಡು ಹೋಯಿತು. ನನ್ನ ಮಗುವನ್ನೇ ಕಚ್ಚಿಕೊಂಡು ಹೋಗಿದ್ದರೆ ಮುಂದಿನ ವರ್ಷ ಯಾರ್ಯಾರಿಗೆ ಎಲೆ ಹಾಕುತ್ತಿದ್ದಿರಿ, ಹೇಳಿ? ಹಿರಿಯರ ಮೇಲೆ ನನಗೂ ಭಕ್ತಿ ಉಂಟು. ಮಾವನವರಿಗೆ ಕೊನೆಗಾಲದಲ್ಲಿ ಗಂಜಿ ಕುಡಿಸಿದ್ದು ನಾನೇ. ಅವರು ಇದ್ದಿದ್ದರೆ ನಿಮ್ಮಿಬ್ಬರ ಬೆನ್ನಿಗೂ ಸರಿಯಾಗಿ ಬಾರಿಸುತ್ತಿದ್ದರು.

ಸಿಟ್ಟು ಇಳಿದಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಉಣ್ಣಿ, ಮಾವಿನಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ.

ನಿಮ್ಮ
ಜಯಲತಾ

ತಾ.ಕ.: ನಿನ್ನೆ ಫೋನಿನಲ್ಲಿ ದಿಶಾಳಿಗೆ “ಅಜ್ಜನೇ ಚಿರತೆಯಾಗಿ ಬಂದದ್ದು ಮಗಾ” ಅಂದಿರಂತೆ. ನಿಮಗೆ ತಮಾಷೆ, ಅವಳು ನಂಬಿದ್ದಾಳೆ. ನಾನು ಎಷ್ಟು ಹೇಳಿದರೂ “ಪಪ್ಪಾ ಹೇಳಿದ್ದಾರೆ” ಅನ್ನುತ್ತಾಳೆ. ಮುಂದಿನ ತಿಂಗಳು ಸ್ಕೂಲಿನವರು ಮಕ್ಕಳನ್ನು ಠಾಣೆಯ ಯೇವೂರ್ ಕಾಡಿಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲೂ ಚಿರತೆ ಉಂಟು. ಈ ಸಲ ಅಜ್ಜ ಸಿಕ್ಕರೆ ಹತ್ತಿರ ಹೋಗಿ ಕಾಲು ಮುಟ್ಟುತ್ತಾಳಂತೆ. ಓದಿದ ಕೂಡಲೇ ಫೋನ್ ಮಾಡಿ, ಸುಳ್ಳು ಹೇಳಿದೆ ಎಂದು ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ.