ಮಲ್ಲಿಗೆ ಬುಡದ ಮಣ್ಣು

ಹೊನ್ನಾವರ
ನವೆಂಬರ್ ೪, ೧೯೬೦. ಬೆಳಿಗ್ಗೆ

ಮೊಲ ಮತ್ತೆ ಕೆದರಿದೆ. ಈ ಸಲ ಹರಿವೆ ಮಡಿ. ಬೇರು ಮೇಲೆ, ಎಲೆ ಕೆಳಗೆ. ಮುಳ್ಳು ಹರವಿದ್ದಾಯಿತು, ಮೆಣಸಿನ ನೀರು ಚಿಮುಕಿಸಿದ್ದಾಯಿತು... ಯಾವುದಕ್ಕೂ ಜಗ್ಗುವುದಿಲ್ಲ. ಅತ್ತೆ ಜಗಲಿಯಿಂದಲೇ ಕೂಗಿದರು, “ವನಮಾಲಾ, ಹಿತ್ಲು ನೋಡಿದ್ಯನೆ? ಆ ಪ್ರಾಣಿನ ಕಟ್ಟಿಹಾಕು!”

ಕಟ್ಟಲು ಮನಸ್ಸಿಲ್ಲ. ಸೆಪ್ಟೆಂಬರಿನಲ್ಲಿ ಕುಮಟಾದ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದೆ. ಮಗು ಹೊಟ್ಟೆಯಲ್ಲೇ ಹೋಗಿತ್ತು. ನನಗೆ ಜ್ವರ, ಎಚ್ಚರವಿಲ್ಲ. ಮುಖ ನೋಡಲಿಲ್ಲ. ಅಲ್ಲೇ ಕುಮಟಾದಲ್ಲಿ ಮಣ್ಣು ಮಾಡಿದೆ ಎಂದಷ್ಟೇ ಇವರು ಹೇಳಿದ್ದು. ಮುಂದೆ ಕೇಳಿದರೆ ಎದ್ದು ಹೋಗುತ್ತಾರೆ. ಆಮೇಲೊಂದು ಭಾನುವಾರ ಭಟ್ಕಳದ ಸ್ನೇಹಿತರ ಮನೆಯಿಂದ ಈ ಬಿಳಿ ಮೊಲ ತಂದರು. “ಮನೇಲಿ ಒಂದು ಜೀವ ಓಡಾಡ್ಲಿ.” ಅಷ್ಟೇ.

ಹೆಸರಿಟ್ಟಿಲ್ಲ.

ನ. ೬. ಭಾನುವಾರ

ಇವರು ಊಟಕ್ಕೆ ಕುಳಿತಿದ್ದರು. ಕಿಟಕಿಯಿಂದ ಕಂಡಿರಬೇಕು — ಎಂಜಲು ಕೈಯಲ್ಲೇ ಓಡಿದರು. ಬಾವಿಯಾಚೆ ಮೂಲೆಯಲ್ಲಿ ಇವರೇ ಮೊನ್ನೆ ಮಳೆಗಾಲದ ಕೊನೆಗೆ ನೆಟ್ಟ ಮಲ್ಲಿಗೆ ಗಿಡವಿದೆ. ಮೊಲ ಅದರ ಬುಡ ಕೆದರುತ್ತಿತ್ತು. ಇವರು ಕೋಲು ಎತ್ತಿದರು. ನಾನು ಅಡ್ಡ ಹೋದೆ. “ಆಚೆ ಹೋಗು!” ಎಂದು ಕೂಗಿದರು. ನನಗೋ, ಮೊಲಕ್ಕೋ.

ಮದುವೆಯಾಗಿ ನಾಲ್ಕು ವರ್ಷ. ಇವರ ಕೂಗು ಕೇಳಿದ್ದು ಇದೇ ಮೊದಲು. ಬಸಳೆ ಹಾಳಾದಾಗ ನಕ್ಕವರು. ಹರಿವೆ ಹೋದಾಗಲೂ.

ನ. ೯

ಆಫೀಸಿನಿಂದ ಬರುವಾಗ ಗಾಡಿಯಲ್ಲಿ ಚಿರೆಕಲ್ಲು ತಂದರು. ಎಲ್ಲವನ್ನೂ ಮಲ್ಲಿಗೆಯ ಸುತ್ತ ಇಟ್ಟರು. ತರಕಾರಿ ಮಡಿಗಳಿಗೆ ಒಂದೂ ಇಲ್ಲ. “ಬಿಡುವಾದ ಭಾನುವಾರ ಈ ಮೊಲಾನ ಭಟ್ಕಳಕ್ಕೆ ವಾಪಸ್ ಕೊಟ್ಟಿಕ್ಕಿ ಬತ್ತೆ,” ಎಂದರು. ಒಂದು ಗಿಡಕ್ಕೆ ಇಷ್ಟೊಂದೇ ಎಂದು ಕೇಳಿದೆ. ಅತ್ತೆ ನಡುವೆ ಬಾಯಿ ಹಾಕಿದರು, “ಶಾಂತಾರಾಮ ಹೇಳ್ದಂಗೆ ಆಗ್ಲಿ, ಬಿಡು.” ದಿನವಿಡೀ ಮೊಲವನ್ನು ಬೈಯುವವರ ದನಿ ಆಗ ಎಷ್ಟು ಮೆತ್ತಗಿತ್ತು...

ಇಬ್ಬರೂ ನನ್ನ ಮುಖ ನೋಡಲಿಲ್ಲ.

ನ. ೧೨. ಮಧ್ಯಾಹ್ನ

ಕಲ್ಲಿನ ಅಡಿಯಿಂದಲೇ ತೋಡಿತ್ತು. ಅಲ್ಲಿಯ ಮಣ್ಣು ಮೆತ್ತಗೆ, ಅದಕ್ಕೇ ಇರಬೇಕು. ಮೊಲವನ್ನು ಬುಟ್ಟಿಯಡಿ ಹಾಕಿ ಬಂದು ಬಿಲ ಮುಚ್ಚಲು ಕುಳಿತೆ. ಕೈಗೆ ಬಟ್ಟೆ ಸಿಕ್ಕಿತು. ನೀಲಿ. ಅಂಚು ನೋಡಿದೆ. ನನ್ನ ಸೀರೆ. ಆಸ್ಪತ್ರೆಗೆ ಒಯ್ದದ್ದು, ಅಲ್ಲೇ ಕಳೆಯಿತು ಎಂದುಕೊಂಡಿದ್ದೆ.

ಎಳೆಯಲಿಲ್ಲ. ಒಂದು ಚೂರೂ ಎಳೆಯಲಿಲ್ಲ. ಮಣ್ಣು ಮುಚ್ಚಿದೆ. ಅಂಗೈಯಿಂದ ಒತ್ತಿದೆ.

ನನ್ನ ಮಗು ಕುಮಟಾದಲ್ಲಿ ಇಲ್ಲ. ಎರಡು ತಿಂಗಳು ಅದರ ಪಕ್ಕದಲ್ಲೇ ನೀರು ಸೇದಿದ್ದೇನೆ.

ನ. ೨೦. ಭಾನುವಾರ

ಬರೆಯಲಾಗಲಿಲ್ಲ.

ಬೆಳಿಗ್ಗೆ ಇವರು ಮೊಲವನ್ನು ಬುಟ್ಟಿಗೆ ಹಾಕಿ ಬಾಯಿ ಕಟ್ಟುತ್ತಿದ್ದರು. ಬುಟ್ಟಿ ಕಿತ್ತುಕೊಂಡೆ. “ನೀಲಿ ಸೀರೆ ಸಿಕ್ತು,” ಎಂದೆ.

ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು.

“ಅಲ್ಲಿ ಬಿಟ್ಟಿಕ್ಕಿ ಬಪ್ಪಲೆ ಮನಸ್ಸು ಬಂಜಿಲ್ಲೆ,” ಎಂದರು. “ನಿನ್ನ ಸೀರೇಲಿ ಸುತ್ಕಂಡು ಸಂಜೆ ಬಸ್ಸಿಗೆ ಬಂದೆ. ತೊಡೆ ಮೇಲೆ ಇಟ್ಕಂಡಿದ್ದೆ. ಪಕ್ಕದ ಸೀಟಿನ ಹೆಂಗ್ಸು ಕೇಳ್ತು, ಮಗು ಮಲಗಿದ್ಯಾ ಅಂತ. ಹೌದು ಅಂದೆ. ಗಾಳಿ ಬತ್ತದೆ, ಕಿಟಕಿ ಹಾಕಿ ಅಂತು. ಹಾಕ್ದೆ.”

ಅತ್ತೆ ಹಿಂದೆ ಬಂದು ನಿಂತಿದ್ದರು. “ಬಾಣಂತಿಗೆ ಹೇಳದು ಬ್ಯಾಡ ಅಂತ ಆನೇ ಹೇಳಿದ್ದೆ. ಬೈಯ್ಯದಾದ್ರೆ ನಂಗೇ ಬೈಯ್ಯಿ.”

ಬೈಯಲಿಲ್ಲ. “ಕೂಸೋ, ಮಾಣಿಯೋ?” ಎಂದು ಇವರನ್ನು ಕೇಳಿದೆ.

“ಕೂಸು.”

ಹೆಣ್ಣು. ಇಷ್ಟು ದಿನ ಅದೂ ಗೊತ್ತಿರಲಿಲ್ಲ.

ನ. ೨೭

ಮೊಲವನ್ನು ಕೊಡಲಿಲ್ಲ. ಪೇಟೆಯಿಂದ ತಂತಿ ಬಲೆ ತಂದರು. ಬೇಲಿಯ ಹತ್ತಿರ ಅದಕ್ಕೊಂದು ಜಾಗ ಮಾಡಿದೆವು. ಮೊಳ ಆಳಕ್ಕೆ ಸುತ್ತ ಬಲೆ ಹೂತು, ಒಳಗೆ ಹೊಳೆಯ ಮರಳು ತುಂಬಿದೆವು. ನಾನು ಬಲೆ ಹಿಡಿದೆ, ಇವರು ಮಣ್ಣು ಎಳೆದರು. ಕೆದರುವ ಪ್ರಾಣಿ, ಎಲ್ಲಾದರೂ ಕೆದರಲೇಬೇಕು. ಈಗ ಅಲ್ಲೇ ಕೆದರುತ್ತಿದೆ. ಅತ್ತೆ ಬೈಯುತ್ತಲೇ ಸೊಪ್ಪು ಹಾಕಿದರು.

ಮಲ್ಲಿಗೆಗೆ ನಾನೇ ನೀರು ಹಾಕುತ್ತೇನೆ. ಸಿಟ್ಟು ಹೋಗಿಲ್ಲ. ಇವರ ಮೇಲೆ, ಅತ್ತೆಯ ಮೇಲೆ. ಆದರೆ ಆ ಬಸ್ಸು, ಆ ಕಿಟಕಿ ನೆನಪಾದರೆ... ಸಿಟ್ಟು ಎಲ್ಲಿ ಇಡುವುದೋ ತಿಳಿಯುವುದಿಲ್ಲ.

ಡಿ. ೪. ಸಂಜೆ

ಪೇಟೆಗೆ ಹೋಗಿದ್ದ ಇವರು ಚಹಾ ಕುಡಿಯದೆ ನೇರ ಹಿತ್ತಲಿಗೆ ಬಂದರು. ಪಕ್ಕದಲ್ಲಿ ಕುಳಿತರು. ನಾನಾಗಿಯೇ ಕೇಳಿದೆ, ತಲೆಯಲ್ಲಿ ಕೂದಲು ಇತ್ತೇ ಎಂದು.

“ಇತ್ತು. ರಾಶಿ ಇತ್ತು. ಹಣೆ ನಿಂದೇ.”

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. ಇವರು ಏಳಹೋದರು. ಅತ್ತೆ ಒಳಗೆ ಹೋಗಲಿಲ್ಲ. ಮೆಟ್ಟಿಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು.

“ಹೇಳು ತಮಾ. ಆನೂ ಮುಖ ನೋಡಿದ್ನಿಲ್ಲೆ.”

ಇವರು ಹೇಳತೊಡಗಿದರು. ಬೆರಳು ಉದ್ದವಂತೆ. ಎಡಗೈ ಮುಷ್ಟಿ ಕಟ್ಟಿತ್ತಂತೆ, ಬಲಗೈ ಮಾತ್ರ ಬಿಚ್ಚಿಕೊಂಡು ನನ್ನ ಸೀರೆಯ ಅಂಚಿನ ಮೇಲಿತ್ತಂತೆ.