ಒಂಬತ್ತನೆಯ ಸಾಲಿನ ಸೈನಿಕನಿಗೆ ಹೆಸರಿತ್ತು

ಕಡಲ ದಂಡೆಯ ಸೈನಿಕ ಸ್ಮಶಾನದ ಮುಖ್ಯಾಧಿಕಾರಿಗಳೇ,

ಒಂಬತ್ತನೆಯ ಸಾಲಿನ ಕೊನೆಯ ಕಲ್ಲಿನ ಶಿಲುಬೆಯ ಮೇಲೆ ‘ದೇವರಿಗಷ್ಟೇ ಗೊತ್ತಿರುವ ಸೈನಿಕ’ ಎಂದು ಕೆತ್ತಿಸಿದ್ದೀರಿ. ತಪ್ಪು. ನನ್ನ ಅಮ್ಮ ಲಿಯೊಂಟಿನ್‌ಗೂ ಗೊತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರನ್ನು ಓಡಿಸಲು ಸೈನ್ಯ ಫ್ರಾನ್ಸಿನ ನಮ್ಮ ನಾರ್ಮಂಡಿಯ ದಡಕ್ಕಿಳಿದ ಆ ಜೂನ್‌ನಲ್ಲಿ ಅವಳಿಗೆ ಹನ್ನೆರಡು ವರ್ಷ. ಗುಂಡು ತಗುಲಿದ ಅಮೆರಿಕದ ಸೈನಿಕನೊಬ್ಬ ನಮ್ಮ ಕೊಟ್ಟಿಗೆಯ ಹುಲ್ಲಿನ ಮೇಲೆ ಒಂದಿಡೀ ದಿನ ಜೀವ ಹಿಡಿದಿದ್ದ. ಅಮ್ಮ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸುತ್ತ ಕುಳಿತಿದ್ದಳು. ಅವನ ಭಾಷೆ ಇವಳಿಗೆ ಬಾರದು. ಎದೆ ಮುಟ್ಟಿಕೊಂಡು ಎರಡು ಸಲ ಹೇಳಿದ ಹೆಸರು ಮಾತ್ರ ತಿಳಿಯಿತು: ಎಮೆಟ್ ಹಾರ್ಲನ್. ತಾತ ಅವನನ್ನು ಸೇಬಿನ ಮರದಡಿ ಹೂಳಿದ. ಮರುವರ್ಷ ನಿಮ್ಮವರು ಅಗೆದಾಗ ಕೊರಳಲ್ಲಿ ಗುರುತಿನ ಬಿಲ್ಲೆ ಇರಲಿಲ್ಲ. ಅಮ್ಮ ಅವನ ದೇಹ ಒಯ್ದ ಗಾಡಿಯ ಹಿಂದೆಯೇ ನಡೆದುಹೋಗಿ, ನಿಮ್ಮ ಸ್ಮಶಾನದಲ್ಲಿ ಮತ್ತೆ ಹೂಳಿದ ಜಾಗ ನೋಡಿಕೊಂಡು ಬಂದಳು. ಹೆಸರನ್ನೂ ಹೇಳಿದಳು. ಮಕ್ಕಳ ಮಾತು, ಯಾರು ಬರೆದುಕೊಳ್ಳುತ್ತಾರೆ?

ಹನ್ನೊಂದು ವರ್ಷಗಳಿಂದ ನಾನು ನಿಮಗೆ ಪತ್ರ ಬರೆಯುತ್ತಿದ್ದೇನೆ. ಕಾಣೆಯಾದವರ ಪಟ್ಟಿಯಲ್ಲಿ ಆ ಹೆಸರಿನವರು ಇಬ್ಬರಿದ್ದಾರೆ, ದಾಖಲೆ ಒದಗಿಸಿ ಎಂದಿರಿ. ಸಾಯುವವನಿಂದ ಸಹಿ ಹಾಕಿಸಿಕೊಳ್ಳಬೇಕಿತ್ತೇ?

ಸೈನ್ಯ ದಡಕ್ಕಿಳಿದ ದಿನದ ಎಂಬತ್ತನೆಯ ವರ್ಷದ ಸಮಾರಂಭದ ಮರುದಿನ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆತಂದೆ. ಮಂತ್ರಿಗಳ ಹೂಚಕ್ರಗಳು ಇನ್ನೂ ಬಾಡಿರಲಿಲ್ಲ. ಅಮ್ಮ ಹೆಸರು ಬರೆದಿದ್ದ ಚೀಟಿಯನ್ನು ಶಿಲುಬೆಗೆ ಅಂಟಿಸಿದಳು. ಕಾವಲುಗಾರ ಓಡಿಬಂದ.

“ಹಂಗೆಲ್ಲ ಅಂಟಿಸ್ಬಾರದು ಕಣಜ್ಜಿ.”

“ಅವನು ಸಾಯೋವಾಗ ನೀನಿದ್ಯೇನಪ್ಪಾ?”

“ನಾನಿನ್ನೂ ಹುಟ್ಟೇ ಇರ್ಲಿಲ್ಲ.”

“ಮತ್ತೆ? ಸುಮ್ನಿರು.”

ಪಾಪ, ಅವನು ನಾವು ಹೊರಡುವವರೆಗೆ ಸುಮ್ಮನಿದ್ದ, ಆಮೇಲೆ ಕಿತ್ತ. ಅವನನ್ನು ದೂರುವುದಿಲ್ಲ.

ಕಳೆದ ತಿಂಗಳು ಕೊನೆಗೂ ತಮ್ಮ ಕೃಪಾಪತ್ರ ಬಂತು: ಕಣ್ಣಾರೆ ಕಂಡವರು ಖುದ್ದಾಗಿ ಬಂದು ಹೇಳಿಕೆ ಕೊಡಬಹುದು. ಅಷ್ಟರಲ್ಲಿ ಅಮ್ಮನ ನೆನಪು ಚೂರುಚೂರಾಗಿ ಉದುರತೊಡಗಿತ್ತು. ಆದರೂ ಒಳ್ಳೆಯ ಕೋಟು ತೊಡಿಸಿ ಕರೆತಂದೆ. ನಿಮ್ಮ ಗುಮಾಸ್ತೆ ಬಗ್ಗಿ ಮೆಲ್ಲಗೆ ಕೇಳಿದಳು, “ಹೆಸರೇನಜ್ಜಿ?”

“ಲಿಯೊಂಟಿನ್.”

“ನಿಮ್ಮದಲ್ಲಜ್ಜಿ, ಆ ಸೈನಿಕನದು.”

ಅಮ್ಮ ನನ್ನ ಮುಖ ನೋಡಿದಳು. “ಯಾವ ಸೈನಿಕನೇ, ಸೋಲಾಂಜ್?”

ನಾನು ಹೆಸರು ಹೇಳಿದೆ. ಗುಮಾಸ್ತೆ ಪೆನ್ನು ಕೆಳಗಿಟ್ಟಳು. “ನೀವು ಹೇಳಿದ್ರೆ ನಡೆಯಲ್ಲ ಮೇಡಂ. ನೀವು ನೋಡಿಲ್ವಲ್ಲ.”

ನಿಜ, ನೋಡಿಲ್ಲ. ಕಲ್ಲನ್ನು ಬದಲಿಸಿ ಎಂದು ಇನ್ನು ಕೇಳಲಾರೆ. ಈ ಪತ್ರವನ್ನು ಮಾತ್ರ ಆ ಸಮಾಧಿಯ ಕಡತದಲ್ಲಿ ಇಡಿ. ಅವನ ಕಡೆಯವರು ಎಂದಾದರೂ ಹುಡುಕಿಕೊಂಡು ಬಂದರೆ, ಅವನು ಒಬ್ಬಂಟಿಯಾಗಿ ಸಾಯಲಿಲ್ಲವೆಂದು ತಿಳಿಯಲಿ.

ಇಂತಿ,
ಕಂಡವಳಲ್ಲದ, ಬರೀ ಕೇಳಿದವಳಾದ
ಸೋಲಾಂಜ್