ವಾಚಿನ ಕೆಳಗಿನ ಬಿಳಿ ಪಟ್ಟೆ

ಕೆಲಸದ ಶೆಡ್ಡು
ಭಾನುವಾರ, ಏಪ್ರಿಲ್ ೧೪

ಪ್ರೀತಿಯ ಗುಬ್ಬಿಗೆ ಮಾವನ ಆಶೀರ್ವಾದ.

ಬಿಸಿಲಿಗೆ ಕತ್ತಿನ ಮೇಲೆದ್ದ ಬೊಬ್ಬೆ ಒಣಗಿತೇ? ಮಗ್ಗುಲು ಬದಲಿಸಿ ಮಲಗುವಷ್ಟಾದರೂ ಆಯಿತೇ? ಸಿಪ್ಪೆ ಎದ್ದರೆ ಕೀಳಬೇಡ. ನನಗೇನು, ಗುಂಡುಕಲ್ಲಿನಂತಿದ್ದೇನೆ. ಆಸ್ಪತ್ರೆ ಮುಂದಿನ ರಸ್ತೆಗೆ ಬಿಳಿ ಗೆರೆ ಎಳೆದು ಮುಗಿಸಿದೆವು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನ ಗೆರೆ ಅದು. ಇಂಜಿನಿಯರೇ ಬಗ್ಗಿ ನೋಡಿ ತಲೆದೂಗಿ ಹೋದರು. ಬಾಣದ ಗುರುತು ಮಾತ್ರ ನೀನಿದ್ದಾಗಿನಂತೆ ಬರಲಿಲ್ಲ. ಅಚ್ಚಿನ ಹಲಗೆಯನ್ನು ನಿನ್ನಂತೆ ಅಲುಗದೆ ಹಿಡಿಯುವವರು ಇಲ್ಲಿ ಇಲ್ಲ. ತಲೆಗೇರೀತು ಅಂತ ಎದುರಿಗೆ ಹೇಳಿರಲಿಲ್ಲ. "ಹೇಳಿದ ಮಾತು ಕೇಳದವಳು, ಇನ್ನು ಮನೆಯಲ್ಲೇ ಬಿದ್ದಿರಲಿ" ಅಂತ ನಿನ್ನಮ್ಮ, ಅದೇ ನಮ್ಮಕ್ಕ, ನಿನ್ನ ಕೆಲಸ ಬಿಡಿಸಿದಳಂತೆ. ಅದನ್ನು ಕೇಳಿಯೇ ಈ ಕಾಗದ ಬರೆಯಲು ಕೂತೆ.

ಹುಡುಗರು ಹಾಗೇ ಇದ್ದಾರೆ. ಅಂಗಿ ತೋಳು ಮಡಚಿ, ಟೋಪಿ ಹಿಂದುಮುಂದಾಗಿ ಹಾಕಿಕೊಂಡು, ಮೋಡವಿದ್ದರೆ ಬಿಸಿಲೇ ಇಲ್ಲ ಅನ್ನುತ್ತಾರೆ. ಬಿಸಿಲು ತಡೆಯುವ ಕ್ರೀಮು ಹಚ್ಚುವುದು ಮದುವೆಗೆ, ರಸ್ತೆಗಲ್ಲವಂತೆ. ಆ ಮಾತು ಕಲಿಸಿದವನು ಯಾರೆಂದು ನಿನಗೆ ಗೊತ್ತು. ಶನಿವಾರ ಸಂಜೆ ಎಲ್ಲರೂ ವಾಚು ಬಿಚ್ಚಿ ಕೈ ಚಾಚುವುದು, ಸುಟ್ಟ ಕೈಯಲ್ಲಿ ಯಾರ ಬಿಳಿ ಪಟ್ಟೆ ಎದ್ದು ಕಾಣುತ್ತದೋ ಅವರಿಗೆ ಮುಂದಿನ ವಾರ ಗೆರೆ ಮಷಿನ್ ತಳ್ಳುವ ಹಕ್ಕು ಕೊಡುವುದು, ಈ ಪಂದ್ಯವನ್ನು ಹುಟ್ಟುಹಾಕಿದವನೂ ನಾನೇ. ನಿನಗೋ ಮಷಿನ್ ಮೇಲೆ ಜೀವ. ಉದ್ದ ತೋಳಿನ ಅಂಗಿಯೊಳಗಿಂದ ನೀನು ಕೈ ಚಾಚಿದಾಗ, "ಇದನ್ನೇನೇ, ಫ್ರಿಜ್ಜಲ್ಲಿ ಇಟ್ಟಿದ್ಯಾ?" ಅಂದೆ. ಎಲ್ಲರೂ ನಕ್ಕರು, ನೀನೂ ನಕ್ಕೆ. ಸೋಮವಾರ ನಲ್ಲಿಯ ಹತ್ತಿರ ನೀನು ಕ್ರೀಮು ತೊಳೆಯುವುದನ್ನು ಕಂಡು, "ಈಗ ನಮ್ಮೋಳಾದೆ ನೋಡು" ಅಂತ ಬೆನ್ನು ತಟ್ಟಿದೆ. ಆ ಶನಿವಾರ ಪಂದ್ಯ ನೀನೇ ಗೆದ್ದೆ. ಮನೆಗೆ ಬಿಡುವಾಗ ಬೈಕಿನ ಹಿಂದೆ ನೀನು ಕತ್ತಿನ ಉರಿಗೆ ಅಳುತ್ತಿದ್ದುದು ಕೇಳುತ್ತಿತ್ತು. ಹೆಲ್ಮೆಟ್ ನೆಪದಲ್ಲಿ ಕೇಳಿಸದವನಂತೆ ಇದ್ದೆ.

ಪಂದ್ಯ ನಿಲ್ಲಿಸಿದ್ದೇನೆ. "ಏನಣ್ಣ, ವಯಸ್ಸಾಯ್ತಾ?" ಅಂತ ಹುಡುಗರು ಕಿಚಾಯಿಸಿದರು. "ಆಯ್ತು ಕಣ್ರೋ" ಅಂದೆ. ಮಷಿನ್ ಇನ್ನು ಸರದಿಯ ಮೇಲೆ.

ಹೊಟ್ಟೆ ತುಂಬ ಉಣ್ಣು, ಬೇಗ ಗುಣವಾಗು. ಅಕ್ಕನಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ಬಾಯಿಬಡುಕ ಮಾವ

ತಾ.ಕ.: "ಎಷ್ಟು ಬಡ್ಕೊಂಡ್ರೂ ಕ್ರೀಮು ಹಚ್ಲಿಲ್ಲ ಇವಳು" ಅಂತ ಅವತ್ತು ಬಾಗಿಲಲ್ಲೇ ಅಕ್ಕನಿಗೆ ಹೇಳಿದೆನಲ್ಲ, ಅವಳ ಬಾಯಿಗೆ ಹೆದರಿ ಹೇಳಿದೆ. ನೀನು ನನ್ನ ಮುಖ ನೋಡಿದೆ, ಇಲ್ಲ ಅನ್ನಲಿಲ್ಲ. ನಡೆದದ್ದನ್ನೆಲ್ಲ ಇನ್ನೊಂದು ಹಾಳೆಯಲ್ಲಿ ಅವಳಿಗೆ ಬರೆದಿಟ್ಟಿದ್ದೇನೆ. ಓದಿ ಬಚ್ಚಿಡಬೇಡ, ಅವಳ ಕೈಗೇ ಕೊಡು. ಮುಂದಿನ ಭಾನುವಾರ ಬೈಗುಳ ತಿನ್ನಲು ನಾನೇ ಬರುತ್ತೇನೆ. ನೀನು ಬಿಡಿಸಲು ಬರಬೇಡ.